ಮೂರನೆಯ ನಗಾರಿಯ ತನಕ

ಎದುರು ದಡದ ಊರಿನವರೊಂದಿಗಿನ ದೋಣಿ ಪಂದ್ಯದಲ್ಲಿ ಎರಡು ವರ್ಷ ಸೋತಾಗಿತ್ತು. ಈ ಸಲವೂ ಸೋತರೆ ಹೆಂಗಸರ ದೋಣಿಯ ಮುಂತುದಿಯಲ್ಲಿದ್ದ ಮರದ ಡ್ರ್ಯಾಗನ್ ತಲೆಯನ್ನು ಕಳಚಿ ಗಂಡಸರ ತಂಡಕ್ಕೆ ಕೊಡುವುದೆಂದು ಊರ ಹಿರಿಯರು ತೀರ್ಮಾನಿಸಿದ್ದರು. ಮೀಲ್ವೊ ನದಿಯ ಮೇಲೆ, ಇಪ್ಪತ್ತು ಹುಟ್ಟುಗಳ ಆ ದೋಣಿಯ ನಡುವೆ, ನಗಾರಿಯೆದುರು ನಿಂತಿದ್ದ ಇತಿಹಾಸದ ಶಿಕ್ಷಕಿ ಟಾನ್ ಯೂಲಾನ್‌ಗೆ ಅದು ಗೊತ್ತಿತ್ತು. ಅವಳು ನಗಾರಿಯ ಎರಡೂ ಕೋಲುಗಳನ್ನು ಕೈಗೆತ್ತಿಕೊಂಡಳು.

"ಟೀಚರಮ್ಮಾ, ಗಾದೆ ನೆನಪಿದೆ ತಾನೇ?" ನಗಾರಿಯ ಮುಂದೆಯೇ ಹುಟ್ಟು ಹಿಡಿದು ಕುಳಿತಿದ್ದ ಪೆಂಗ್ ಅತ್ತೆ ಕೂಗಿದಳು. "ಒಂದೇ ನಗಾರಿ, ಒಂದೇ ದಮ್ಮು! ಶುರುವಿಂದ್ಲೇ ಜೋರಾಗಿ ಬಾರ್ಸು!"

"ಹೋದ್ವರ್ಷ ಹಂಗೇ ಬಾರ್ಸಿ ತಿರುವಲ್ಲಿ ಏದುಸಿರು ಬಿಟ್ವಲ್ಲ ಅತ್ತೆ? ಗಾದೇಲಿ ಅರ್ಧ ಮಾತ್ರ ನೆನಪಿಟ್ಕೊಂಡ್ರೆ ಅಷ್ಟೇ."

"ಇನ್ನರ್ಧ ಎಲ್ಲಿದೆ?"

"ಯುದ್ಧಭೂಮೀಲಿ. ಹಿಂದಿನ ಕಾಲದ ಮಾತು. ಲೂ ರಾಜ್ಯದ್ದು ಸಣ್ಣ ಸೈನ್ಯ, ಎದುರಿಗೆ ಛೀ ರಾಜ್ಯದ ದೊಡ್ಡ ಸೈನ್ಯ. ಛೀಯವರು ದಾಳಿಗೆ ಅಂತ ನಗಾರಿ ಬಾರಿಸಿದ್ರು, ಲೂನವರು ಕದಲ್ಲಿಲ್ಲ. ಎರಡ್ನೇ ಸಲಕ್ಕೂ ಕದಲ್ಲಿಲ್ಲ. ಮೂರ್ನೇದು ಮುಗಿದ್ಮೇಲೆ ಲೂನವರು ಒಂದೇ ಸಲ ಬಾರಿಸಿ ಮೇಲೆ ಬಿದ್ದು ಗೆದ್ರು. ಮೊದಲ್ನೇ ನಗಾರಿಗೆ ಹುಮ್ಮಸ್ಸು ಏರುತ್ತೆ, ಎರಡ್ನೇದಕ್ಕೆ ಇಳಿಯುತ್ತೆ, ಮೂರ್ನೇದಕ್ಕೆ ಬತ್ತಿಹೋಗುತ್ತೆ. ಆ ಒಂದೇ ದಮ್ಮಿನ ಹಿಂದೆ ಅಷ್ಟು ಹೊತ್ತು ಕಾದಿದ್ದೂ ಇದೆ."

"ಕಾಯ್ತಾ ನಿಲ್ಲೋಕೆ ನಾವೇನು ಕೊಕ್ಕರೆಗಳಾ?" ಎಂದಳು ಪೆಂಗ್ ಅತ್ತೆ. ಹಿಂದಿನ ಸಾಲಿನಿಂದ ನಗೆ ಎದ್ದಿತು.

"ಹೌದು. ಮೀನು ತಿನ್ನೋದೂ ಕೊಕ್ಕರೇನೇ," ಎಂದಳು ಯೂಲಾನ್.

ಪಟಾಕಿಯ ಸರ ಸಿಡಿಯಿತು. ಎದುರು ದಡದವರ ನಗಾರಿ ಗುಡುಗಿತು. ಅವರ ದೋಣಿ ಬಾಣದಂತೆ ನುಗ್ಗಿತು. ಯೂಲಾನ್ ಮಾತ್ರ ಲಯ ತಪ್ಪದಷ್ಟೇ ತಟ್ಟುತ್ತಿದ್ದಳು. ಅಂತರ ಅರ್ಧ ದೋಣಿಯುದ್ದವಾಯಿತು.

"ಮದುವಣಗಿತ್ತಿ ಕರ್ಕೊಂಡು ಹೊರಟ್ರೇನ್ರೇ?" ದಡದಿಂದ ಯಾರೋ ಗೇಲಿ ಮಾಡಿದರು.

ಸೇತುವೆಯ ಬಳಿ ಎದುರಾಳಿಗಳ ನಗಾರಿ ಎರಡನೆಯ ಸಲ ಉಗ್ರವಾಯಿತು. ಅಂತರ ಒಂದು ದೋಣಿಯುದ್ದಕ್ಕೆ ಬೆಳೆಯಿತು.

"ಬಾರ್ಸೇ, ನಿನ್ ದಮ್ಮಯ್ಯ!" ಪೆಂಗ್ ಅತ್ತೆಯ ಕತ್ತಿನ ನರ ಉಬ್ಬಿತ್ತು. "ತಲೆ ಹೋಗುತ್ತೆ ಕಣೇ!"

"ಇನ್ನೊಂದು ಬಾಕಿ ಇದೆ ಅತ್ತೆ."

ವಿಲೋ ಮರಗಳ ತಿರುವು ಬಂತು. ಮೂರನೆಯ ಗುಡುಗು ಕೇಳಿತು. ಯೂಲಾನ್ ಆ ಸದ್ದಿಗೆ ಕಿವಿಗೊಡಲಿಲ್ಲ; ಅವರ ಹುಟ್ಟುಗಳನ್ನು ನೋಡಿದಳು. ನಗಾರಿ ಮುಂದೆ ಓಡುತ್ತಿತ್ತು, ಹುಟ್ಟುಗಳು ಅರೆಗಳಿಗೆ ಹಿಂದೆ ಬೀಳುತ್ತಿದ್ದವು. ನೀರು ಚಿಮ್ಮುತ್ತಿತ್ತೇ ಹೊರತು ದೋಣಿ ಚಿಮ್ಮುತ್ತಿರಲಿಲ್ಲ.

ಅವಳ ಎರಡೂ ಕೋಲುಗಳು ತಲೆಯ ಮೇಲಕ್ಕೆದ್ದವು.

"ಈಗ!"

ಕೂಡಿಟ್ಟಿದ್ದ ಕಸುವೆಲ್ಲ ಇಪ್ಪತ್ತು ಹುಟ್ಟುಗಳಲ್ಲಿ ಒಮ್ಮೆಗೇ ಇಳಿಯಿತು. ಅಂತರ ಮುಕ್ಕಾಲಾಯಿತು, ಅರ್ಧವಾಯಿತು, ಇಲ್ಲವಾಯಿತು. ಗುರಿಯಲ್ಲಿ ತೇಲುತ್ತಿದ್ದ ಕೆಂಪು ಸೋರೆಬುರುಡೆಗಳ ಸಾಲನ್ನು ಎರಡು ದೋಣಿಗಳೂ ಒಟ್ಟಿಗೇ ದಾಟಿದಂತೆ ಕಂಡಿತು. ದಡದವರೆಲ್ಲ ತೀರ್ಪುಗಾರನತ್ತ ತಿರುಗಿದರು. ಅವನ ಬಾವುಟ ಮೇಲೇರಿತು: ಹೆಂಗಸರ ದೋಣಿ, ಡ್ರ್ಯಾಗನ್ ಮೂತಿಯಷ್ಟು ಮುಂದೆ.

ಪೆಂಗ್ ಅತ್ತೆ ಏದುಸಿರಿನಲ್ಲೇ ಎದ್ದು ಹೋಗಿ, ತನ್ನ ತಲೆಯ ಕೆಂಪು ವಸ್ತ್ರವನ್ನು ಬಿಚ್ಚಿ ಡ್ರ್ಯಾಗನ್ ಕೊಂಬಿಗೆ ಬಿಗಿಯಾಗಿ ಗಂಟು ಹಾಕಿದಳು.

"ಕಳಚೋರು ಈಗ ಬರ್ಲಿ," ಎಂದು ದಡದಲ್ಲಿದ್ದ ಹಿರಿಯರಿಗೆ ಕೇಳುವಂತೆ ಕೂಗಿದಳು. "ಮೂರು ಸಲ ನಗಾರಿ ಬಾರಿಸ್ಕೊಂಡೇ ಬರ್ಲಿ. ನಾವು ಕಾಯ್ತೀವಿ!"