ಮೂರನೇ ಮಹಡಿಯ ರುಜು

ಪಿಂಚಣಿದಾರರು ವರ್ಷಕ್ಕೊಮ್ಮೆ ಕಚೇರಿಗೆ ಬಂದು, ತಾವಿನ್ನೂ ಬದುಕಿದ್ದೇವೆಂದು ಗುಮಾಸ್ತರ ಎದುರು ರುಜು ಹಾಕಬೇಕು. ಗುಮಾಸ್ತರು ಕೂರುವುದು ಮೂರನೇ ಮಹಡಿಯಲ್ಲಿ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಆ ಬೆಳಗ್ಗೆ ಹೆರಿಗೆ ಆಸ್ಪತ್ರೆಯ ನಿವೃತ್ತ ದಾದಿಯೊಬ್ಬರು ಕೊನೆಯ ಮೆಟ್ಟಿಲಲ್ಲೇ ಕುಸಿದು ಕುಳಿತರು.

“ಇನ್ನು ಹತ್ತು ಹೆಜ್ಜೆ, ಬನ್ನಿ ಅಜ್ಜಿ,” ಎಂದರು ಗುಮಾಸ್ತರು.

“ತಡಿಯಪ್ಪಾ. ಕೆಳಗಿದ್ದಾಗ ಚೆನ್ನಾಗೇ ಬದುಕಿದ್ದೆ. ಇಲ್ಲಿಗೆ ಬಂದ್ಮೇಲೆ ನಂಗೇ ಅನುಮಾನ!”

ಸಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಗುಮಾಸ್ತರು ನಗಲಿಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಿಯಮವನ್ನು ಕೂದಲೆಳೆಯಷ್ಟೂ ಮೀರಿದವರಲ್ಲ ಅವರು. ಹೊಸದಾಗಿ ಬಂದಿದ್ದ ಅಧಿಕಾರಿ, ಮೂವತ್ತು ದಾಟದ ಹೆಣ್ಣುಮಗಳು, ಅಜ್ಜಿಗೆ ನೀರು ಕೊಟ್ಟು ಗುಮಾಸ್ತರನ್ನು ಒಳಗೆ ಕರೆದರು.

“ಈ ನಿಯಮದಿಂದ ಯಾರಿಗೆ ಒಳ್ಳೇದಾಗ್ತಿದೆ?”

“ಅದು ನೋಡೋದು ನಮ್ಮ ಕೆಲಸ ಅಲ್ಲ ಮೇಡಂ. ನಿಯಮ ಅಂದ್ರೆ ನಿಯಮ.”

“ನಿಯಮ ಇರೋದೇ ಜನರ ಸುಖಕ್ಕಲ್ವಾ? ಎಷ್ಟು ಜನ ಹತ್ತಿ ಬರ್ತಾರೆ?”

“ಪಟ್ಟಿಯಲ್ಲಿ ಮುನ್ನೂರ ಹನ್ನೊಂದು ಹೆಸರಿದೆ.”

“ಅದರ ಬದಲು ಇಳೀಬೇಕಾದೋರು?”

“ನಾನೊಬ್ಬ. ನನಗೂ ಮಂಡಿನೋವು ಮೇಡಂ. ಕೆಳಗೆ ಬರೀ ತೇವ, ಕಡತ ಹಾಳಾಗ್ತವೆ. ಇವತ್ತು ಸಡಿಲ ಬಿಟ್ರೆ ನಾಳೆ ಸತ್ತೋರ ಹೆಸರಲ್ಲೂ ರುಜು ಬೀಳುತ್ತೆ.”

ಅಧಿಕಾರಿ ಅದನ್ನು ತಳ್ಳಿಹಾಕಲಿಲ್ಲ. “ನಿಮ್ಮ ಮಂಡೀನೂ ಲೆಕ್ಕಕ್ಕೆ ಹಿಡಿಯೋಣ. ಒಬ್ಬರಿಗೆ ಒಂದು ಲೆಕ್ಕ, ನಂಗೂ ಅಷ್ಟೇ, ಆ ಅಜ್ಜಿಗೂ ಅಷ್ಟೇ. ಕಡತ ಮೇಲೇ ಇರಲಿ, ಪಟ್ಟಿ ಮಾತ್ರ ಕೆಳಗೆ ಒಯ್ಯಿರಿ. ದಿನಕ್ಕೊಂದೇ ಸಲ ಇಳಿದ್ರೆ ಸಾಕು. ಒಂದು ವಾರ ನೋಡೋಣ. ಸರಿಹೋಗದಿದ್ರೆ ನಿಮ್ಮ ಮೇಜು ನಾನೇ ಮತ್ತೆ ಮೇಲಕ್ಕೆ ಹೊತ್ತು ತರ್ತೀನಿ.”

ಮರುದಿನ ಮೇಜು ಕೆಳಗಿನ ಬಾಗಿಲ ಬಳಿ ಬಂತು. ಗುಮಾಸ್ತರು ಗೊಣಗುತ್ತಲೇ ಕುಳಿತರು. ರುಜು ಹಾಕಿದವರು ಮನೆಗೆ ಹೋಗದೆ ಬೆಂಚಿನ ಮೇಲೆ ಹರಟೆಗೆ ಕೂತುಬಿಟ್ಟರು. ಗೆಳತಿಯನ್ನು ಕರೆತಂದಿದ್ದ ದಾದಿ ಅಜ್ಜಿ ಗುಮಾಸ್ತರನ್ನೇ ದಿಟ್ಟಿಸಿ, ಅವರ ತಾಯಿಯ ಹೆಸರು ಕೇಳಿ, ಚಪ್ಪಾಳೆ ತಟ್ಟಿದರು.

“ಅಯ್ಯೋ, ಇವನನ್ನ ಈ ಕೈಲೇ ಎತ್ಕೊಂಡಿದ್ದೆ ಕಣ್ರೇ! ಹುಟ್ಟಿದಾಗ್ಲೂ ಹೀಗೇ ಮುಖ ಗಂಟು ಹಾಕ್ಕೊಂಡಿದ್ದ!”

ಈ ಸಲ ಗುಮಾಸ್ತರಿಗೂ ನಗು ತಡೆಯಲಾಗಲಿಲ್ಲ.

ವಾರ ಮುಗಿಯಿತು. “ಮುನ್ನೂರ ಹತ್ತು ರುಜು! ಗೆದ್ವಿ ಬಿಡಿ,” ಎಂದರು ಅಧಿಕಾರಿ.

ಗುಮಾಸ್ತರು ಪಟ್ಟಿ ಮಡಚಲಿಲ್ಲ. “ಒಬ್ಬರಿಗೆ ಒಂದು ಅಂದಿದ್ರಲ್ಲ ಮೇಡಂ. ಒಂದು ಉಳ್ಕೊಂಡಿದೆ.”

ಅಧಿಕಾರಿ ತಲೆದೂಗಿದರು.

ಉಳಿದಿದ್ದ ಆ ಒಬ್ಬರು ಅದೇ ಕಚೇರಿಯ ಹಳೆಯ ಹೆಡ್ ಗುಮಾಸ್ತರು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಪಟ್ಟಿಯೊಂದಿಗೆ ಮನೆಗೇ ಬಂದ ಗುಮಾಸ್ತರನ್ನು ಕಂಡು ಹುಬ್ಬೇರಿಸಿದರು.

“ನಿಯಮದಲ್ಲಿ ಇದಕ್ಕೆ ಅವಕಾಶ ಇಲ್ವಲ್ಲಯ್ಯಾ! ಬರೆದವನೇ ನಾನು. ಆಗ ಮೂವತ್ತೈದು ವಯಸ್ಸು, ಎರಡೆರಡು ಮೆಟ್ಟಿಲು ಹಾರ್ತಿದ್ದೆ. ಮುದುಕರು ಹೇಗೆ ಹತ್ತುತ್ತಾರೆ ಅಂತ ಹೊಳೀಲೇ ಇಲ್ಲ.”

“ತಿದ್ದುಪಡಿ ಬರೀಬೇಕು ಸಾರ್. ನಿಮ್ಮ ಹಾಗೆ ಯಾರು ಹೇಳಿ ಬರೆಸ್ತಾರೆ?”

ಮುದುಕರ ಕಣ್ಣು ಅರಳಿತು. ಸೊಸೆಯನ್ನು ಕೂಗಿ ದಿಂಬು ಎತ್ತರಿಸಿಕೊಂಡು, ಗಂಟಲು ಸರಿಮಾಡಿಕೊಂಡರು.

“ಬರಿ. ಹಾಸಿಗೆ ಹಿಡಿದವರ ಮನೆಗೆ ಗುಮಾಸ್ತರೇ ಹೋಗತಕ್ಕದ್ದು...”

ಗುಮಾಸ್ತರು ಬರೆದು, ಪೆನ್ನೆತ್ತಿದರು.

“ಪೂರ್ಣವಿರಾಮ ಹಾಕ್ಬೇಡ,” ಎಂದರು ಮುದುಕರು ಹಿಗ್ಗಿನಿಂದ. “ಇನ್ನೂ ಬಹಳ ಇದೆ.”