ಬಾಲದ ಬಣ್ಣ

ಚಿಕ್ಕಂದಿನಲ್ಲಿ ಅಪ್ಪನ ಬೋರ್ಡು ಬರೆಯುವ ಅಂಗಡಿಯ ತುಂಬ ಇರುತ್ತಿದ್ದ ವಾರ್ನಿಶ್ ವಾಸನೆಯೇ ಈಗ ತಮ್ಮನ ಶೆಡ್ಡಿನಲ್ಲೂ ತುಂಬಿತ್ತು. ಅದು ಮೂಗಿಗೆ ಬಡಿದಾಗಲೆಲ್ಲ ಅಕ್ಕನಿಗೆ ಅರವತ್ತು ದಾಟಿದ ಈ ವಯಸ್ಸಿನಲ್ಲೂ ಯಾವ ಕೆಲಸವೂ ಕೈಮೀರಿದ್ದಲ್ಲ ಅನ್ನಿಸುತ್ತಿತ್ತು. ಇವತ್ತು ಮಾತ್ರ ಹಾಗನ್ನಿಸಲಿಲ್ಲ. ಆಗಷ್ಟೇ ಮೈದಾನದಿಂದ ವಾಪಸು ತಂದ ವಿಮಾನದ ಪಕ್ಕ ಅವಳು ನಿಂತಿದ್ದಳು.

ಒಬ್ಬರೇ ಕೂರುವ ಪುಟ್ಟ ವಿಮಾನ. ಬಸ್ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಮೇಲೆ ತಮ್ಮ ಕೊಳವೆಗೆ ಕೊಳವೆ ಬೆಸೆದು ತಾನೇ ಕಟ್ಟಿದ್ದು. ಅದರ ಮೇಲೆ ಬಟ್ಟೆ ಬಿಗಿದು ಬಣ್ಣ ಕೊಟ್ಟವಳು ಅಕ್ಕ. ಅಪ್ಪನ ಕುಂಚ ಹಿಡಿದು ಜೀವಮಾನವೆಲ್ಲ ಬೋರ್ಡು ಬರೆದವಳು. ಇವತ್ತು ಮೊದಲ ಸಲ ಅದನ್ನು ಆಳೆತ್ತರ ಹಾರಿಸಿ ಇಳಿಸುವುದೆಂದು ಮಾತಾಗಿತ್ತು. ನೆಲ ಬಿಟ್ಟದ್ದೇ ತಡ, ಮೂಗು ಗಕ್ಕನೆ ಮೇಲೆದ್ದಿತು. ತಮ್ಮ ವಿಮಾನ ನಡೆಸುವ ಹಿಡಿಕೋಲನ್ನು ಮುಂದಕ್ಕೊತ್ತಿದ, ಮೂಗು ಕುಸಿಯಿತು. ಮತ್ತೆ ಮೇಲೆ, ಮತ್ತೆ ಕೆಳಗೆ. ಕೊನೆಗೆ ಕಪ್ಪೆಯ ಹಾಗೆ ಕುಪ್ಪಳಿಸಿ ಹೇಗೋ ನಿಂತಿತ್ತು.

"ನನ್ನ ಕೈ ಒರಟು ಕಣಕ್ಕಾ. ಬಸ್ಸಿನ ನಟ್ಟು ಬೋಲ್ಟು ಬಿಗಿದ ಕೈ," ಎಂದ ತಮ್ಮ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತ. "ಇದಕ್ಕೆ ಎರಡು ಬೆರಳು ಸಾಕು. ಅಭ್ಯಾಸ ಆಗುತ್ತೆ ಬಿಡು. ನಾಳೆ ಇನ್ನೂ ಮೇಲಕ್ಕೆ ಹೋಗ್ತೀನಿ."

"ಎಷ್ಟು ಮೇಲಕ್ಕೆ? ಅಪ್ಪನ ಹತ್ರಾನಾ?"

ತಮ್ಮ ನಕ್ಕ. ಅವಳು ನಗಲಿಲ್ಲ. ವಿಮಾನವನ್ನು ಮೂಲೆಗೆ ತಿರುಗಿಸೋಣವೆಂದು ಬಗ್ಗಿ ಬಾಲ ಎತ್ತಿದಳು. ಕಟ್ಟುತ್ತಿದ್ದ ಕಾಲದಲ್ಲಿ ಅದು ಅವಳದೇ ಕೆಲಸವಾಗಿತ್ತು. ಬಣ್ಣ ಹಚ್ಚಿದ ಮೇಲೆ ಮಾತ್ರ ತಮ್ಮ ಬಿಟ್ಟಿರಲಿಲ್ಲ. "ನಿನ್ನ ಸೊಂಟ ನೋಯುತ್ತೆ, ಸರಿ ಅತ್ಲಾಗೆ," ಎಂದು ತಾನೇ ಎತ್ತುತ್ತಿದ್ದ. ಹಿಂದೆಲ್ಲ ಒಂದೇ ಕೈಗೆ ಏಳುತ್ತಿದ್ದ ಬಾಲ ಈಗ ಎರಡೂ ಕೈ ಕೇಳಿತು.

"ಅಕ್ಕಾ, ಬಿಡು ಅದನ್ನ!"

ಅವಳು ಬಾಲವನ್ನು ಮೆಲ್ಲಗೆ ಕೆಳಗಿಟ್ಟಳು. "ಇದನ್ನ ತೂಕ ಮಾಡಿದ್ದು ಯಾವಾಗ? ಬಣ್ಣಕ್ಕೆ ಮುಂಚೆಯೋ, ಆಮೇಲೋ?"

ತಮ್ಮ ಹೆಲ್ಮೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. "ಎರಡು ಸಲಾನೂ."

ಮುಂದಿನದನ್ನು ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ರೆಕ್ಕೆಯಿಂದ ಅಷ್ಟು ದೂರದ ಬಾಲಕ್ಕೆ ಹಿಡಿ ಭಾರ ಹೆಚ್ಚಾದರೂ ಇಡೀ ವಿಮಾನದ ಗುರುತ್ವ ಕೇಂದ್ರ ಹಿಂದೆ ಜಾರುತ್ತದೆ. ಅದು ಜಾರಿದಷ್ಟೂ, ಹಿಡಿಕೋಲು ಮುಟ್ಟಿದರೆ ಸಾಕು ಮೂಗು ಎದ್ದುಬಿಡುವಷ್ಟು ವಿಮಾನ ಚುರುಕಾಗುತ್ತದೆ. ಎತ್ತರದಲ್ಲಿ ಒಮ್ಮೆ ವಿಪರೀತ ಮೇಲೆದ್ದರೆ ತಗ್ಗಿಸಲು ಬರುವುದೇ ಇಲ್ಲ. ಎಲ್ಲವನ್ನೂ ತಕ್ಕಡಿ ತೋರಿಸಿ ಅವಳಿಗೆ ಕಲಿಸಿದವನು ಅವನೇ. ಆದರೆ ಕುಂಚ ಕೈಗೆ ಬಂದಾಗ ಅವಳಿಗೆ ನೆನಪಾದದ್ದು ಅಪ್ಪನ ಮಾತು: ಇನ್ನೊಂದು ಕೋಟ್ ಹೊಡೆದರೆ ಯಾವ ಬೋರ್ಡೂ ಕೆಟ್ಟಿಲ್ಲ. ಬಾಲದ ಕೆಂಪು ಬಣ್ಣ ಕನ್ನಡಿಯಂತೆ ಹೊಳೆಯುವ ತನಕ ಕೋಟಿನ ಮೇಲೆ ಕೋಟ್ ಹೊಡೆದಿದ್ದಳು.

"ಗೊತ್ತಿದ್ದೂ ಹತ್ತಿ ಕೂತೆಯಾ?"

"ಏನಂತ ಹೇಳ್ಲಿ? ಕಣ್ಣು ಮಂಜಾಗ್ತಿದೆ, ಇದೇ ನನ್ನ ಕೊನೇ ಕೆಲಸ ಅಂತ ನೀನೇ ಅಂದೆ. ದಾರೀಲಿ ಹೋಗೋರೆಲ್ಲ ನಿಂತು ನೋಡ್ತಿದ್ರು. ಅದನ್ನ ಕೆರೆದುಹಾಕು ಅನ್ನೋಕೆ ನಂಗೆ ಬಾಯಿ ಬರಲಿಲ್ಲ."

ಅವಳಿಗೆ ಅವನನ್ನು ತಬ್ಬಿಕೊಳ್ಳಬೇಕೋ ಬಾರಿಸಬೇಕೋ ತಿಳಿಯಲಿಲ್ಲ. "ನನ್ನ ಬಣ್ಣ ಉಳಿಸೋಕೆ ನಿನ್ನ ತಲೆ ಒಡ್ಕೋತೀಯೇನೋ, ಪೆದ್ದ ಮುಂಡೇದೆ!"

"ಮೂಗಿಗೆ ಒಂದಿಷ್ಟು ಸೀಸ ಕಟ್ಟಿದ್ರೆ ಸರಿಹೋಗುತ್ತಕ್ಕಾ..."

"ಆ ಎಂಜಿನ್ನು ನಿನ್ನ ಹೊಟ್ಟೆ ಎತ್ತೋಕೇ ಏದುಸಿರು ಬಿಡುತ್ತೆ. ಸೀಸ ಬೇರೆ ಹೊರಬೇಕಾ? ಬಣ್ಣ ಉಜ್ಜಿ ತೆಗೆಯೋ ಆ ಉಪ್ಪುಕಾಗದ ಇಲ್ಲಿ ಕೊಡು."

ಅವನು ಕೊಡಲಿಲ್ಲ. ಅವಳೇ ಹುಡುಕಿ ತೆಗೆದು, ನೀರಿನಲ್ಲಿ ನೆನೆಸಿ, ಬಾಲದ ಮುಂದೆ ಮಣೆ ಎಳೆದುಕೊಂಡು ಕೂತಳು. ಮೊದಲ ಉಜ್ಜಿಗೆ ಹೊಳಪು ಸತ್ತು ಬೂದು ಗೆರೆಯೆದ್ದಿತು. ಒಂದು ಗಳಿಗೆ ಕೈ ನಿಂತಿತು. ಆಮೇಲೆ ನಿಲ್ಲಲಿಲ್ಲ. ಗಟ್ಟಿ ಒತ್ತಿದರೆ ಒಳಗಿನ ಬಟ್ಟೆ ಹರಿಯುತ್ತದೆ. ಮಗುವಿನ ಬೆನ್ನು ತಿಕ್ಕುವ ಹಾಗೆ ಬೆರಳ ತುದಿಯಲ್ಲೇ ಉಜ್ಜಬೇಕು. ಕೆಂಪು ನೀರು ಮೊಣಕೈವರೆಗೆ ಇಳಿಯಿತು. ಕಣ್ಣಿಗೆ ಸರಿಯಾಗಿ ಕಾಣದ ಕಡೆ ಅಂಗೈ ಸವರಿ, ಬಟ್ಟೆಯ ನೇಯ್ಗೆ ಕೈಗೆ ಸಿಗುವ ತನಕ ಬಣ್ಣ ಇಳಿಸಿದಳು.

"ನಾಳೆ?" ಎಂದಳು, ತಲೆಯೆತ್ತದೆ.

ತಮ್ಮ ಹೆಲ್ಮೆಟ್ಟನ್ನು ಗೋಡೆಯ ಮೊಳೆಗೆ ನೇತುಹಾಕಿದ. "ಹಾರಲ್ಲ," ಎಂದ. "ಇದು ಮುಗಿದು, ತೂಕ ಸರಿಬಂದ ಮೇಲೇ."

"ನನ್ನೆದುರಿಗೆ ತೂಗಬೇಕು."

"ನಿನ್ನೆದುರಿಗೇ."

ಅವನು ಹೊರಗೆ ಹೋದ. ಮುನಿಸಿಕೊಂಡನೇನೋ ಅಂದುಕೊಂಡು ಅವಳು ಇನ್ನೊಂದು ಮಗ್ಗುಲಿಗೆ ಮಣೆ ಸರಿಸಿದಳು. ಕಿಟಕಿಯ ಬಿಸಿಲು ನೆಲದ ಮೇಲೆ ಸಾಕಷ್ಟು ದೂರ ಸರಿದಿತ್ತು. ಹೆಜ್ಜೆ ಸಪ್ಪಳ ಕೇಳಿತು. ತಮ್ಮ ಒದ್ದೆ ಟವೆಲಿನಿಂದ ಅವಳ ಕೈಗಳನ್ನು ಒಂದೊಂದಾಗಿ ಒರೆಸಿದ; ಉಪ್ಪುಕಾಗದ ತೆಗೆದುಕೊಂಡು, ಮುಚ್ಚಳ ತೆರೆದ ಊಟದ ಡಬ್ಬಿಯನ್ನು ಅವಳ ಕೈಗಿಟ್ಟ. ಆಮೇಲೆ ಬಾಲದ ಆಚೆ ಬದಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ಬೆರಳ ತುದಿಯಲ್ಲಿ ಉಜ್ಜತೊಡಗಿದ.