ಹನ್ನೆರಡು ಕೋರು, ಮೂರು ಪಿನ್ನು

ನಮ್ಮ ಮನೆಯಲ್ಲಿ ಕಂಪ್ಯೂಟರಿಗೆಂದೇ ಒಂದು ಕೋಣೆಯಿದೆ. ಹಾಗೆಂದ ಮಾತ್ರಕ್ಕೆ ದೊಡ್ಡ ಮನೆ ಅಂದುಕೊಳ್ಳಬಾರದು. ಅಡುಗೆಮನೆಗೂ ಹಜಾರಕ್ಕೂ ನಡುವೆ ಸಿಕ್ಕಿಕೊಂಡಿರುವ, ಕಿಟಕಿಯೇ ಅರ್ಧ ಗೋಡೆ ನುಂಗಿರುವ ಜಾಗ ಅದು. ಅಮ್ಮ ಅಲ್ಲಿ ಕೂತು ಇನ್ನೂ ಕಟ್ಟದ ಕೋಣೆಗಳನ್ನು ಕಟ್ಟುತ್ತಾಳೆ. ಗೋಡೆ, ಕಪಾಟು, ಕುರ್ಚಿ, ಕುರ್ಚಿಯ ಕಾಲಿನ ಮೇಲೆ ಬೀಳುವ ಬಿಸಿಲು, ಎಲ್ಲವನ್ನೂ ಪರದೆಯ ಮೇಲೆ ನಿಲ್ಲಿಸಿ, ಚಿತ್ರ ತೆಗೆದು, ಆರ್ಕಿಟೆಕ್ಟರಿಗೆ ಕಳಿಸುತ್ತಾಳೆ. ಅವರು ಅದನ್ನು ಸಭೆಗಳಲ್ಲಿ ತೋರಿಸುತ್ತಾರೆ. ಹನ್ನೊಂದು ವರ್ಷಗಳಿಂದ ಹೀಗೇ ನಡೆದಿತ್ತು. ಅಂಥ ಒಂದು ಸಭೆಯ ಬಾಗಿಲನ್ನೂ ಅಮ್ಮ ನೋಡಿರಲಿಲ್ಲ.

ಈ ಸಲ ಆರ್ಕಿಟೆಕ್ಟರೇ ಫೋನ್ ಮಾಡಿದರು. "ಮೇಡಂ, ಲೈಬ್ರರಿ ಸಮಿತಿಯವರಿಗೆ ಬರೀ ಚಿತ್ರ ಸಾಲದಂತೆ. ಬಾಗಿಲಿಂದ ಒಳಗೆ ಹೋಗಿ ಎಲ್ಲಾ ಕೋಣೆ ಸುತ್ತಿ ಬರೋ ಥರ ಒಂದು ನಿಮಿಷದ ಸಿನಿಮಾ ಬೇಕಂತೆ. ಸೋಮವಾರ ಹತ್ತು ಗಂಟೆಗೆ ನೀವೇ ಬಂದು ತೋರಿಸಿಬಿಡಿ. ನಾನು ಹೇಳಿದ್ರೆ ಅಷ್ಟು ಸರಿ ಬರಲ್ಲ."

ಅಮ್ಮ ಫೋನ್ ಇಟ್ಟು, ಆ ಫೋನನ್ನೇ ಎರಡು ಸಲ ಒರೆಸಿದಳು. ಸಂತೋಷವಾದರೆ ಅಮ್ಮ ಏನನ್ನಾದರೂ ಒರೆಸುತ್ತಾಳೆ. ಗಾಬರಿಯಾದರೂ ಅಷ್ಟೇ. ಮನೆಯೊಳಗೆ ಬಂದ ಯಾವ ವಸ್ತುವೂ ಅವಳ ಹಳದಿ ಬಟ್ಟೆಯಿಂದ ತಪ್ಪಿಸಿಕೊಂಡು ತನ್ನ ಜಾಗ ಸೇರಿದ್ದಿಲ್ಲ.

ಸಿನಿಮಾ ತಯಾರೂ ಆಗಿತ್ತು. ಆದರೆ ಗುರುವಾರ ಸಂಜೆ ಸಮಿತಿಯಿಂದ ಸುದ್ದಿ ಬಂತು: ಮಕ್ಕಳ ಕೋಣೆಯ ಮೇಜು ಎತ್ತರವಾಯಿತು, ತಗ್ಗಿಸಿ. ಕೇಳಲು ಸಣ್ಣ ಮಾತು. ಆ ಕೋಣೆಗೆ ಗಾಜಿನ ಗೋಡೆ. ಕಟ್ಟಡದ ಯಾವ ಮೂಲೆಯಲ್ಲಿ ನಿಂತರೂ ಆ ಮೇಜು ಕಾಣುತ್ತದೆ. ಒಂದು ನಿಮಿಷದ ಸಿನಿಮಾ ಎಂದರೆ ಸಾವಿರದ ಐನೂರು ಚಿತ್ರಗಳು, ಅಷ್ಟನ್ನೂ ಹೊಸದಾಗಿ ತೆಗೆಯಬೇಕು. ನಮ್ಮ ಕಂಪ್ಯೂಟರು ಒಂದು ಚಿತ್ರಕ್ಕೆ ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ನಾನು ಡೈರಿಯ ಮೂಲೆಯಲ್ಲಿ ಗುಣಿಸಿ ನೋಡಿದೆ. ನೂರು ಗಂಟೆ. ಸೋಮವಾರ ಹತ್ತಕ್ಕೆ ಉಳಿದಿದ್ದದ್ದು ತೊಂಬತ್ತಕ್ಕೂ ಕಡಿಮೆ. ಮೇಜು ತಿದ್ದಲು ಅಮ್ಮನಿಗೆ ಇಡೀ ಶುಕ್ರವಾರ ಬೇಕಿತ್ತು.

"ಹಳೇ ಚಿತ್ರಗಳನ್ನೇ ತೋರಿಸ್ತಾರೆ ಬಿಡು" ಎಂದಳು ಅಮ್ಮ. "ಅದಕ್ಕೆ ನಾನ್ಯಾಕೆ ಹೋಗ್ಬೇಕು, ಅವರೇ ತೋರಿಸ್ಕೋತಾರೆ." ಎಂದವಳು ಒಲೆ ಒರೆಸಲು ಹೋದಳು. ಅದು ಆಗಲೇ ಕನ್ನಡಿಯ ಹಾಗಿತ್ತು.

ಅಣ್ಣ ಮಾತಿನಲ್ಲಿ ನಮ್ಮಿಬ್ಬರ ಪಾಲನ್ನೂ ತಾನೇ ಖರ್ಚು ಮಾಡುವವನು. "ಹೊಸ ಕಂಪ್ಯೂಟರ್ ತಂದ್ಬಿಡೋಣ. ಗೇಮಿಂಗ್‌ದು. ಅದರ ಸ್ಪೀಡ್ ನೋಡಿದ್ರೆ ತಲೆ ತಿರುಗುತ್ತೆ."

"ಬೇಡ" ಎಂದೆ ನಾನು.

ಇಬ್ಬರೂ ತಿರುಗಿ ನೋಡಿದರು. ನಾನು ಸಂಖ್ಯಾಶಾಸ್ತ್ರದಲ್ಲಿ ಪದವಿ ಮುಗಿಸಿ ಒಂದು ವರ್ಷವಾಗಿತ್ತು. ಎರಡು ಸಂದರ್ಶನಗಳಿಗೆ ಹೋಗಿ ಎರಡರಲ್ಲೂ ಗಂಟಲು ಕಟ್ಟಿ ಬಂದಿದ್ದೆ. ಅಣ್ಣ ಅಂದಿನಿಂದ ನನಗೆ ಮೌನಿ ಮೇಡಂ ಎಂದು ಹೆಸರಿಟ್ಟಿದ್ದ. ಮೇಡಂ ಬಾಯಿ ಬಿಟ್ಟದ್ದು ಅವನಿಗೆ ಸುದ್ದಿಯೇ.

"ಪ್ರೊಸೆಸರ್ ಮಾತ್ರ ಬದಲಾಯಿಸಿದ್ರೆ ಸಾಕು" ಎಂದು ಹೇಳಿ ಡೈರಿಯನ್ನೇ ಅವರ ಮುಂದಿಟ್ಟೆ. ಬಾಯಿಂದ ಹೇಳುವುದಕ್ಕಿಂತ ಅದು ಸುಲಭ.

ಮೂರು ತಿಂಗಳಿಂದ ನಾನು ಪ್ರೊಸೆಸರುಗಳನ್ನು ಹೋಲಿಸಿ ಬರೆದಿಟ್ಟಿದ್ದೆ. ಅಮ್ಮನ ಕಂಪ್ಯೂಟರಿನ ಫ್ಯಾನು ದಿನವಿಡೀ ಏದುಸಿರು ಬಿಡುವುದನ್ನು ಕೇಳಿ ಕೇಳಿ ಶುರುವಾದ ಕೆಲಸ. ಕೋರ್ ಎಂದರೆ ಪ್ರೊಸೆಸರಿನೊಳಗಿನ ಕೆಲಸಗಾರ. ನಮ್ಮದರಲ್ಲಿ ಇದ್ದದ್ದು ನಾಲ್ಕು. ಆಟ ಆಡುವವರಿಗೆ ಕೆಲವೇ ಕೆಲಸಗಾರರಿದ್ದರೂ ನಡೆಯುತ್ತದೆ, ಅವರು ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಬೇಕು. ಅಮ್ಮನದು ಗೋಡೆಗೆ ಬಣ್ಣ ಬಳಿಯುವಂಥ ಕೆಲಸ. ಎಷ್ಟು ಕೈ ಸೇರಿದರೆ ಅಷ್ಟು ಬೇಗ ಮುಗಿಯುತ್ತದೆ. ಎರಡು ವರ್ಷ ಹಳೆಯದಾದ, ಹನ್ನೆರಡು ಕೋರಿನ ಒಂದು ಪ್ರೊಸೆಸರ್ ಇತ್ತು. ಎಲ್ಲ ಭಾಗಗಳನ್ನೂ ಹೊತ್ತ ಹಲಗೆ, ಅಂದರೆ ನಮ್ಮ ಹಳೆಯ ಮದರ್‌ಬೋರ್ಡಿನಲ್ಲೇ ಕೂರುತ್ತಿತ್ತು, ಹೆಚ್ಚು ಬಿಸಿಯಾಗದ ಕಾರಣ ಹಳೆಯ ಫ್ಯಾನೂ ಸಾಕಾಗುತ್ತಿತ್ತು. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ.

ಅಣ್ಣ ಪುಟ ತಿರುವಿದ. "ಇದನ್ನೆಲ್ಲ ಯಾವಾಗ ಬರೆದೆ?"

"ನೀನು ಮಾತಾಡ್ತಿದ್ದಾಗ."

ಅಮ್ಮ ನಕ್ಕಳು. ಆ ಸಂಜೆ ಅವಳು ನಕ್ಕದ್ದು ಅದೊಂದೇ ಸಲ.

ಶುಕ್ರವಾರ ಅಮ್ಮ ಊಟಕ್ಕೆ ಎದ್ದ ಹೊತ್ತಿನಲ್ಲಿ ಮದರ್‌ಬೋರ್ಡಿನ ಬಯೋಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಸಾಫ್ಟ್‌ವೇರನ್ನು, ಹೊಸದು ಮಾಡಿದೆ. ಹಳೆಯ ಪ್ರೊಸೆಸರ್ ಇರುವಾಗಲೇ ಅದನ್ನು ಮಾಡಬೇಕು. ಯಾಕೆ ಎಂದು ಅಣ್ಣ ಕೇಳಿದ. "ಹೊಸಬರು ಬಂದಾಗ ಮದರ್‌ಬೋರ್ಡಿಗೆ ಗುರುತು ಸಿಗ್ಬೇಕಲ್ಲ" ಎಂದೆ.

ಶನಿವಾರ ಬಾಗಿಲು ತೆರೆಯುವ ಹೊತ್ತಿಗೇ ಅಂಗಡಿಗೆ ಹೋದೆವು. ಅಂಗಡಿಯಾತನಿಗೆ ಎಲ್ಲರೂ ಫ್ಯಾನ್ ಮಾಮ ಎನ್ನುತ್ತಾರೆ. ಕೌಂಟರಿನ ಮೇಲೆ ಕಂಪ್ಯೂಟರಿನ ಏಳೆಂಟು ಪುಟ್ಟ ಫ್ಯಾನುಗಳನ್ನು ತನ್ನ ಮುಖಕ್ಕೆ ತಿರುಗಿಸಿಕೊಂಡು ಕೂರುತ್ತಾನೆ. ಅಣ್ಣ ಹನ್ನೆರಡು ಕೋರಿನದು ಎಂದ ಕೂಡಲೇ ಅವನು ಗಾಜಿನ ಕಪಾಟಿನಿಂದ ಒಂದು ಡಬ್ಬ ತೆಗೆದ.

"ಇದು ನೋಡಿ ಸರ್. ಎಂಟೇ ಕೋರು, ಆದ್ರೆ ಈ ವರ್ಷದ್ದು. ಮದರ್‌ಬೋರ್ಡೂ ರ್‍ಯಾಮೂ ಇದರ ಜೊತೆಗೇ ಹಾಕಿಸ್ಕೊಳ್ಳಿ. ಹಳೇದೆಲ್ಲ ಯಾಕೆ?"

ಅಣ್ಣ ನನ್ನ ಕಡೆ ನೋಡಿದ. ಕಿಸೆಯಿಂದ ಪೆನ್‌ಡ್ರೈವ್ ತೆಗೆದು ಕೌಂಟರಿನ ಮೇಲಿಟ್ಟೆ.

"ಏನಮ್ಮ ಇದು?"

"ನಮ್ಮಮ್ಮನ ಒಂದು ಚಿತ್ರ. ಸಾಫ್ಟ್‌ವೇರೂ ಇದರಲ್ಲೇ ಇದೆ." ನನ್ನ ದನಿ ಫ್ಯಾನುಗಳ ಸದ್ದಿಗಿಂತ ಕೆಳಗಿತ್ತು. ಮತ್ತೆ ಹೇಳಿದೆ. "ಎರಡರಲ್ಲೂ ಓಡಿಸಿ ನೋಡ್ಬಹುದಾ? ಡಬ್ಬದ ಮೇಲೆ ಬರೆದಿರೋದು ಬೇಡ."

ಫ್ಯಾನ್ ಮಾಮ ಅಣ್ಣನನ್ನು ಬಿಟ್ಟು ಮೊದಲ ಸಲ ನನ್ನನ್ನು ನೋಡಿದ. ತಿರುಗುತ್ತಿದ್ದ ಎರಡು ಫ್ಯಾನು ನಿಲ್ಲಿಸಿದ. "ಹಾಗೆ ಕೇಳೋರು ಕಮ್ಮಿ ಕಣಮ್ಮ" ಎಂದು ಎದ್ದ.

ಆಟಕ್ಕೆಂದು ಮುಂದೆ ಇಟ್ಟಿದ್ದ, ಆ ಎಂಟು ಕೋರಿನ ಥಳುಕಿನ ಯಂತ್ರ ಆ ಚಿತ್ರವನ್ನು ಒಂದು ನಿಮಿಷ ಮೂವತ್ತೈದು ಸೆಕೆಂಡಿನಲ್ಲಿ ಮುಗಿಸಿತು. ಹಿಂದಿನ ಕೋಣೆಯಲ್ಲಿ ಅವನದೇ ಕೆಲಸದ ಯಂತ್ರವಿತ್ತು. ಮುಚ್ಚಳವಿಲ್ಲ, ಮೈಯೆಲ್ಲ ಧೂಳು, ಒಳಗಿದ್ದದ್ದು ಮಾತ್ರ ನಾನು ಗೆರೆ ಎಳೆದ ಹನ್ನೆರಡು ಕೋರು. ಒಂದು ನಿಮಿಷ ಏಳು ಸೆಕೆಂಡು.

"ಅಬ್ಬ" ಎಂದ ಅಣ್ಣ, ತುಂಬ ಮೆಲ್ಲಗೆ.

"ಇರೋದು ಇದೊಂದೇ ಪೀಸು" ಎಂದು ಫ್ಯಾನ್ ಮಾಮ ಮೇಲಿನ ಅಟ್ಟದಿಂದ ಡಬ್ಬ ಇಳಿಸಿದ. "ಇನ್ನೊಂದು ಬೇಕಂದ್ರೆ ಬುಧವಾರ. ಕೂರಿಸೋದು ನಾನು ಬಂದು ಮಾಡ್ಲಾ?"

"ಬೇಡ, ನಮ್ಮ ಮೌನಿ ಮೇಡಂ ಮಾಡ್ತಾಳೆ" ಎಂದ ಅಣ್ಣ. ಅವನು ಆ ಹೆಸರನ್ನು ಅಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಮನೆಗೆ ಬಂದವಳೇ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿದೆ. ತಣ್ಣಗಿದ್ದರೆ ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಶಾಖ ದಾಟಿಸಲು ಹಚ್ಚಿದ ಪೇಸ್ಟು ಬಿಗಿಯಾಗಿ, ಫ್ಯಾನಿನ ಜೊತೆ ಪ್ರೊಸೆಸರೇ ಕಿತ್ತು ಬರುತ್ತದೆ. ಆರಿಸಿ, ವಯರು ತೆಗೆದು, ಫ್ಯಾನನ್ನು ಮೇಲಕ್ಕೆಳೆಯದೆ ಮೆಲ್ಲಗೆ ತಿರುಚಿ ಬಿಡಿಸಿದೆ. ಹಳೆಯ ಪ್ರೊಸೆಸರ್ ಹೊರಗೆ ಬಂತು. ಹೊಸದನ್ನು ಡಬ್ಬದಿಂದ ತೆಗೆದು, ಅದರ ಪ್ಲಾಸ್ಟಿಕ್ ತಟ್ಟೆಯ ಸಮೇತ ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದೆ. ಒಂದೇ ನಿಮಿಷ.

ಬರುವ ಹೊತ್ತಿಗೆ ಪ್ರೊಸೆಸರ್ ಅಮ್ಮನ ಅಂಗೈಯಲ್ಲಿತ್ತು. ಹೊಟ್ಟೆ ಮೇಲಾಗಿತ್ತು. ಇನ್ನೊಂದು ಕೈಯಲ್ಲಿ ಹಳದಿ ಬಟ್ಟೆ.

"ಅಂಗಡಿ ಧೂಳು ಕಣೇ" ಎಂದಳು ಅಮ್ಮ. "ಹಾಗೇ ಒಳಗೆ ಹಾಕೋದಾ ಅಂತ..."

ಎತ್ತಲು ಹೋದರೆ ಬಟ್ಟೆ ಬಿಟ್ಟು ಬರಲಿಲ್ಲ. ಅದರ ಒಂದು ನೂಲು ಪ್ರೊಸೆಸರಿನ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಪಿನ್ನುಗಳಿವೆ, ಒಂದೊಂದೂ ಕೂದಲಿಗಿಂತ ಸ್ವಲ್ಪ ದಪ್ಪ. ನಾನು ಉಸಿರು ಹಿಡಿದು ನೂಲನ್ನು ಕತ್ತರಿಸಿ ಎಳೆದೆ. ಅಂಚಿನ ಸಾಲಿನಲ್ಲಿ ಮೂರು ಪಿನ್ನುಗಳು ಬಗ್ಗಿದ್ದವು. ಎರಡು ಸ್ವಲ್ಪ ವಾಲಿದ್ದವು. ಮೂರನೆಯದು ಮಲಗಿಯೇ ಬಿಟ್ಟಿತ್ತು.

ಅಮ್ಮ ಬಟ್ಟೆಯನ್ನು ಮಡಚಿದಳು. ಮತ್ತೆ ಮಡಚಿದಳು. ಅದು ಅಂಗೈಯಗಲದಿಂದ ಬೆರಳಗಲಕ್ಕೆ ಬಂತು. ಬುಧವಾರದವರೆಗೆ ಇನ್ನೊಂದು ಸಿಗುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

"ಫ್ಯಾನ್ ಮಾಮನಿಗೆ ಫೋನ್ ಮಾಡ್ಲಾ?" ಎಂದ ಅಣ್ಣ.

"ಬೇಡ. ಬೆಳಕಿಗೆ ಅಡ್ಡ ನಿಲ್ಬೇಡ ಅಷ್ಟೇ."

ಅವನು ಸರಿದು ನಿಂತ. ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆದೆ. ಮರದ ಮಾದರಿ ನೋಡಲು ಅಮ್ಮ ಇಟ್ಟುಕೊಂಡಿದ್ದ ಭೂತಗನ್ನಡಿ ಕೇಳಿದೆ. ಆಮೇಲೆ ಡೈರಿ ಬರೆಯುವ ಕಡ್ಡಿ ಪೆನ್ಸಿಲನ್ನು ತೆಗೆದುಕೊಂಡೆ. ಕಾಲೇಜಿನ ಮೊದಲ ವರ್ಷದಿಂದ ಇರುವ ಹಸಿರು ಪೆನ್ಸಿಲು, ತುದಿಯ ಮುಚ್ಚಳದಲ್ಲಿ ನನ್ನ ಹಲ್ಲಿನ ಗುರುತು. ಒತ್ತಿ ಒತ್ತಿ ಅದರೊಳಗಿನ ಸೀಸದ ಕಡ್ಡಿಯನ್ನೆಲ್ಲ ಹೊರಗೆ ಹಾಕಿದೆ. ಉಳಿದದ್ದು ಲೋಹದ ಖಾಲಿ ಮೂತಿ. ಆ ತೂತು ಸರಿಯಾಗಿ ಒಂದು ಪಿನ್ನಿನ ಅಳತೆ. ಹೀಗೆ ಮಾಡಬಹುದೆಂದು ಎಲ್ಲೋ ಓದಿ, ಹೋಲಿಕೆಗಳ ಪುಟದ ಅಂಚಿನಲ್ಲಿ ಬರೆದುಕೊಂಡಿದ್ದೆ. ಅಂದು ಅದು ನನಗೆ ಬೇಕಾಗಿರಲಿಲ್ಲ.

ಮೊದಲ ಪಿನ್ನಿನ ಮೇಲೆ ಪೆನ್ಸಿಲ್ ಇಳಿಸಿ, ಎಬ್ಬಿಸಿ, ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದೆ. ನೆಟ್ಟಗಾಯಿತು. ಎರಡನೆಯದೂ ಆಯಿತು. ಮೂರನೆಯದರ ಕೆಳಗೆ ಮೊದಲು ಸೂಜಿ ತೂರಿಸಿ ಸ್ವಲ್ಪ ಎತ್ತಿಕೊಂಡೆ. ಅವಸರಪಟ್ಟರೆ ಮುರಿಯುತ್ತದೆ. ಒಂದು ಚೂರು ಎಬ್ಬಿಸುವುದು, ನಿಲ್ಲುವುದು, ನೋಡುವುದು, ಇನ್ನೊಂದು ಚೂರು. ಕುತ್ತಿಗೆ ನೋಯುತ್ತಿತ್ತು. ನಾಲ್ಕು ಜನರ ಮುಂದೆ ಹೆಸರು ಹೇಳಲು ನಡುಗುವ ನಾನು, ಅಲ್ಲಿ ಕಲ್ಲಿನ ಹಾಗೆ ಕೂತಿದ್ದೆ. ಎಷ್ಟು ಹೊತ್ತಾಯಿತೋ, ಬಿಸಿಲು ಮೇಜಿನ ಆ ತುದಿಗೆ ಸರಿದಿತ್ತು.

ಪ್ರೊಸೆಸರನ್ನು ಅದರ ಜಾಗದ ಮೇಲಿಟ್ಟೆ. ಒತ್ತುವ ಹಾಗಿಲ್ಲ, ತಾನಾಗಿ ಕೂರಬೇಕು. ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ಸದ್ದಿಲ್ಲದೆ ಒಳಗಿಳಿಯಿತು.

ಪೇಸ್ಟು ಹಚ್ಚಿ, ಫ್ಯಾನು ಬಿಗಿದು, ಗುಂಡಿ ಒತ್ತಿದೆ. ಪರದೆ ಕಪ್ಪಗೇ ಇತ್ತು. ಅಣ್ಣ ಪರದೆಯ ವಯರು ಸರಿಯಾಗಿದೆಯೇ ಎಂದು ಬಗ್ಗಿ ನೋಡಿದ. ಕೊನೆಗೆ ಅಕ್ಷರಗಳು ಮೂಡಿದವು. ಕೋರ್: 12.

"ಬಂತಾ?" ಅಮ್ಮನ ದನಿ ಬಾಗಿಲ ಹಿಂದಿನಿಂದ ಬಂತು. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ.

"ಬಂತು. ಹನ್ನೆರಡು ಜನಾನೂ ಬಂದಿದ್ದಾರೆ."

ಅಮ್ಮ ಬಂದು ನನ್ನ ತಲೆ ಮುಟ್ಟಿದಳು, ಪೆನ್ಸಿಲನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಒರೆಸಲಿಲ್ಲ. "ನೀವಿಬ್ರೂ ಊಟ ಮಾಡ್ಕೊಳ್ಳಿ. ಮೇಜಿನ ಹತ್ರ ಒಂದು ಸಣ್ಣ ಕೆಲಸ ಉಳಿದಿದೆ, ಮುಗಿಸಿ ಶುರು ಮಾಡ್ತೀನಿ."

ಮೂರು ಗಂಟೆಗೆ ಶುರುವಾಯಿತು. ಒಂದು ಚಿತ್ರಕ್ಕೆ ಒಂದು ನಿಮಿಷ ಏಳು ಸೆಕೆಂಡು, ಅಂಗಡಿಯಲ್ಲಿ ಕಂಡಷ್ಟೇ. ಭಾನುವಾರ ಸಂಜೆ ಏಳಕ್ಕೆ ಮುಗಿಯುತ್ತದೆ ಎಂದು ಡೈರಿಯಲ್ಲಿ ಬರೆದೆ. ಏಳಕ್ಕೆ ಐದು ನಿಮಿಷವಿರುವಾಗ ಮುಗಿಯಿತು.

ಸೋಮವಾರ ಸಭೆಯ ಕೋಣೆಯಲ್ಲಿ ಉದ್ದದ ಮೇಜು, ಹದಿನಾಲ್ಕು ಕುರ್ಚಿ. ನಾನು ಗೋಡೆಗೆ ಅಂಟಿಕೊಂಡು ಕೂತೆ, ಅಮ್ಮ ಪರದೆಯ ಪಕ್ಕ ನಿಂತಳು. ದೀಪ ಆರಿತು. ಬಾಗಿಲು ತೆರೆದುಕೊಂಡು, ಕಪಾಟುಗಳ ನಡುವೆ ಹಾದು, ಗಾಜಿನ ಗೋಡೆ ದಾಟಿ, ಸಿನಿಮಾ ಮಕ್ಕಳ ಕೋಣೆಯೊಳಗೆ ಹೋಗಿ ಆ ತಗ್ಗಿನ ಮೇಜಿನ ಮುಂದೆ ನಿಂತಿತು. ಮೇಜಿನ ಮೇಲೆ ತೆರೆದ ಒಂದು ಪುಸ್ತಕ. ಪುಸ್ತಕದ ಮೇಲೆ, ಬಿಸಿಲಿನಲ್ಲಿ, ಒಂದು ಹಸಿರು ಪೆನ್ಸಿಲು. ಅದರ ಮುಚ್ಚಳದ ಮೇಲೆ ಹಲ್ಲಿನ ಗುರುತು.

ನಾನು ಕಣ್ಣು ಮಿಟುಕಿಸದೆ ನೋಡಿದೆ. ಊಟಕ್ಕೆ ನಮ್ಮನ್ನು ಅಟ್ಟಿ ಅಮ್ಮ ಮಾಡಿದ್ದ ಸಣ್ಣ ಕೆಲಸ ಇದು.

ದೀಪ ಹತ್ತಿತು. ಸಮಿತಿಯ ಅಧ್ಯಕ್ಷೆ, ಬೆಳ್ಳಿಗೂದಲಿನ ಗಟ್ಟಿ ದನಿಯ ಹೆಂಗಸು, ಕನ್ನಡಕ ತೆಗೆದರು. "ಗುರುವಾರ ತಾನೇ ಮೇಜು ತಗ್ಗಿಸಿ ಅಂದದ್ದು ನಾವು. ಇಷ್ಟು ಬೇಗ ಹೇಗಾಯ್ತು?"

ಆರ್ಕಿಟೆಕ್ಟರು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಅಮ್ಮನೇ ಹೇಳಿದಳು. "ಆ ಹಸಿರು ಪೆನ್ಸಿಲ್ ನೋಡಿದ್ರಲ್ಲ, ಅದಿಲ್ಲದಿದ್ರೆ ಈ ಸಿನಿಮಾ ಇಲ್ಲ. ಪೆನ್ಸಿಲ್ ನನ್ನ ಮಗಳದು. ಅಲ್ಲಿ ಕೂತಿದ್ದಾಳೆ. ಅವಳೇ ಹೇಳ್ತಾಳೆ."

ಹದಿನಾಲ್ಕು ಮುಖಗಳು ನನ್ನ ಕಡೆ ತಿರುಗಿದವು. ಆದರೆ ಇವರು ಕೇಳುತ್ತಿದ್ದದ್ದಕ್ಕೆ ಉತ್ತರ ನನಗೆ ಗೊತ್ತಿತ್ತು, ಅಳತೆ ಸಮೇತ. ಎದ್ದು ನಿಂತೆ. ನಾಲ್ಕು ಕೋರು, ಹನ್ನೆರಡು ಕೋರು, ನೂರು ಗಂಟೆ, ಇಪ್ಪತ್ತೆಂಟು ಗಂಟೆ, ಎಲ್ಲ ಹೇಳಿದೆ. ಬಗ್ಗಿದ ಮೂರು ಪಿನ್ನುಗಳ ವಿಷಯವನ್ನೂ ಹೇಳಿದೆ. ಹೇಳುತ್ತಾ ಹೋದ ಹಾಗೆ ದನಿ ಕೋಣೆಯ ಆ ತುದಿಗೆ ಮುಟ್ಟುತ್ತಿರುವುದು ನನಗೇ ಕೇಳಿಸಿತು.

"ಪಿನ್ನು ಬಗ್ಗಿದ್ದು ಹೇಗಮ್ಮ?" ಎಂದರು ಅಧ್ಯಕ್ಷೆ.

ಅಮ್ಮ ನೆಲ ನೋಡಿದಳು.

"ತುಂಬ ಶುಚಿಯಾಗಿರೋ ಮನೆಗಳಲ್ಲಿ ಹಾಗಾಗುತ್ತೆ" ಎಂದೆ.

ಮೊದಲು ನಕ್ಕವಳು ಅಮ್ಮ. ನಗುತ್ತಲೇ ಚೀಲದಿಂದ ಹಳದಿ ಬಟ್ಟೆ ತೆಗೆದು ಕಣ್ಣು ಒರೆಸಿಕೊಂಡಳು.